ಕಾವಲಿನ ಒಂಬತ್ತು ಹೆಣ್ಣು ಕುದುರೆಗಳು

2023ರ ಸಂಕ್ರಾಂತಿಯ ಹೊತ್ತಿಗೆ ನಾನು ಅಜ್ಜಂಪುರದಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಚಿಲ್ಲರೆ ಉಳಿದಿತ್ತು. ಕಡೂರಿನಲ್ಲಿ ಕೆಲಸಕ್ಕೆ ಸೇರಿ, ತರೀಕೆರೆಯಲ್ಲಿ ಬಹುಕಾಲ ಕಳೆದು, ಕೊನೆಗೆ ಅಜ್ಜಂಪುರಕ್ಕೆ ಬಂದವಳು ನಾನು. ಅಂದರೆ ನನ್ನ ಇಡೀ ಸರ್ವೀಸು ಒಂದೇ ಬಸ್ ರೂಟಿನಲ್ಲಿ ಮುಗಿದುಹೋಯಿತು. ಹಸು, ಎಮ್ಮೆ, ಕುರಿ, ಮೇಕೆ, ಕೋಳಿ, ಆಗೊಮ್ಮೆ ಈಗೊಮ್ಮೆ ಯಾರದೋ ಮುದ್ದಿನ ನಾಯಿ, ಇಷ್ಟೇ ನನ್ನ ಪ್ರಪಂಚ. ಕುದುರೆಯನ್ನು ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದೆ, ಮದುವೆ ಮೆರವಣಿಗೆಯಲ್ಲಿ ದೂರದಿಂದ ನೋಡಿದ್ದೆ. ಅಂಥವಳ ಕೊರಳಿಗೆ ಒಂಬತ್ತು ಕುದುರೆಗಳು ಒಟ್ಟಿಗೆ ಬಂದು ಬಿದ್ದದ್ದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಕಡೆ ಕಾವಲು ಎಂದರೆ ದನ ಮೇಯಲೆಂದೇ ಹಿಂದಿನಿಂದ ಬಿಟ್ಟುಕೊಂಡು ಬಂದ ಹುಲ್ಲು ಬಯಲು. ಅಂಥ ಒಂದು ಕಾವಲಿನಲ್ಲಿ ಆ ಕುದುರೆಗಳು ಮೂರು ನಾಲ್ಕು ವರ್ಷದಿಂದ ತಮ್ಮ ಪಾಡಿಗೆ ತಾವು ಇದ್ದವು. ಎಲ್ಲವೂ ಹೆಣ್ಣು, ಎಲ್ಲವೂ ಕುಳ್ಳು. ನಮ್ಮವರು ಈ ಜಾತಿಯನ್ನು ತಟ್ಟು ಎನ್ನುತ್ತಾರೆ. ಅವು ಎಲ್ಲಿಂದ ಬಂದವೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಗೊತ್ತಿತ್ತು! ಸಿನಿಮಾ ಶೂಟಿಂಗಿಗೆ ತಂದವರು ಬಿಟ್ಟುಹೋದರು ಎಂದು ಒಬ್ಬರು, ರೇಸಿನಲ್ಲಿ ಸೋತವು ಎಂದು ಇನ್ನೊಬ್ಬರು. ಆ ಗಿಡ್ಡ ಕಾಲುಗಳನ್ನು ನೋಡಿಯೂ ರೇಸ್ ಎನ್ನುವವರಿಗೆ ಏನು ಹೇಳುವುದು? ಮನುಷ್ಯರು ಕೂಗಳತೆಯಷ್ಟು ಹತ್ತಿರ ಬಂದರೆ ಸಾಕು, ಕಿವಿ ನೆಟ್ಟಗೆ ಮಾಡಿ ಓಡಿಬಿಡುತ್ತಿದ್ದವು. ಊರಿನವರ ಲೆಕ್ಕದಲ್ಲಿ ಅವು ಕಾಡು ಕುದುರೆಗಳೇ ಆಗಿಹೋಗಿದ್ದವು.

ಮೊದಮೊದಲು ಅವು ಊರಿಗೊಂದು ಶೋಭೆಯಂತಿದ್ದವು. ಭಾನುವಾರ ಬೈಕಿನಲ್ಲಿ ಬಂದು ಫೋಟೊ ತೆಗೆದುಕೊಳ್ಳುವವರೂ ಇದ್ದರು. ಆದರೆ ಕಾವಲಿನ ಅಂಚಿಗೇ ಕಪ್ಪು ಮಣ್ಣಿನ ಕಡಲೆ ಹೊಲಗಳಿದ್ದವು. ಆ ವರ್ಷ ಕಡಲೆ ಕಾಯಿ ಕಟ್ಟಿ ಹಸಿರಾಗಿ ನಿಂತಾಗ ಈ ಒಂಬತ್ತೂ ಅದರ ರುಚಿ ಹಿಡಿದವು. ಬೆಳಗಿನ ಮಂಜಿನಲ್ಲಿ ಬಂದು ಅರ್ಧ ಹೊಲ ಬೋಳಿಸಿ ಹೋಗುತ್ತಿದ್ದವು. ಹೆಚ್ಚು ಪೆಟ್ಟು ಬಿದ್ದದ್ದು ಶಿವಣ್ಣನಿಗೆ. ಅವರು ಗ್ರಾಮ ಪಂಚಾಯಿತಿ ಸದಸ್ಯರೂ ಹೌದು, ನ್ಯಾಯವಾಗಿ ಸಿಟ್ಟು ಬರುವ ರೈತರೂ ಹೌದು. ಅವರೇ ಮುಂದೆ ನಿಂತು ಒಬ್ಬ ಲಾರಿ ವ್ಯಾಪಾರಿಯನ್ನು ಗೊತ್ತು ಮಾಡಿದರು. ಅವನು ಕುದುರೆಗಳನ್ನು ಪುಕ್ಕಟೆ ಹಿಡಿದುಕೊಂಡು ಹೋಗಲು ಒಪ್ಪಿದ್ದ. ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ. ಹಲ್ಲು ಸವೆದ ಕುದುರೆಯನ್ನು ಯಾರಾದರೂ ಪುಕ್ಕಟೆ ಒಯ್ದರೆ ಅದು ಸಾಕಲಿಕ್ಕಲ್ಲ ಎಂಬುದು ಕೇಳದೆಯೂ ಗೊತ್ತಾಗುವ ಸಂಗತಿ.

ಪ್ರಾಣಿಗಳನ್ನು ಲಾರಿಯಲ್ಲಿ ಸಾಗಿಸಬೇಕಾದರೆ ಅವು ಪ್ರಯಾಣ ತಡೆದುಕೊಳ್ಳುತ್ತವೆ ಎಂದು ಪಶುವೈದ್ಯರು ಸರ್ಟಿಫಿಕೇಟ್ ಕೊಡಬೇಕು. ಅದಕ್ಕಾಗಿ ಪಂಚಾಯಿತಿಯವರು ನನ್ನನ್ನು ಕರೆಸಿದರು. ಸಂಕ್ರಾಂತಿಯ ಮಾರನೆಯ ದಿನ ಬೈನಾಕ್ಯುಲರ್ ಹಿಡಿದು ಕಾವಲಿಗೆ ಹೋದೆ. ಕಣ್ಣಿನ ಮೇಲ್ಗಡೆ ಗುಳಿ ಬಿದ್ದಿತ್ತು, ಬೆನ್ನು ಬಾಗಿತ್ತು, ಮೂತಿಯ ಸುತ್ತ ಕೂದಲು ನರೆತಿತ್ತು. ಒಂಬತ್ತರಲ್ಲಿ ಒಂದೂ ಇಪ್ಪತ್ತರ ಕೆಳಗಿನದಲ್ಲ ಎಂದು ಅಂದಾಜು ಮಾಡಿದೆ. ಬೂದು ಬಣ್ಣದ ಒಂದು ಮುದುಕಿ ಸದಾ ಮುಂದೆ ಇರುತ್ತಿತ್ತು. ಅದು ನಿಂತರೆ ಉಳಿದವೂ ನಿಲ್ಲುತ್ತಿದ್ದವು, ಅದು ನಡೆದರೆ ಉಳಿದವೂ ನಡೆಯುತ್ತಿದ್ದವು. ಎಳೆ ಬಿಸಿಲಿನಲ್ಲಿ ಒಂದರ ಬೆನ್ನಿನ ಮೇಲೆ ಇನ್ನೊಂದು ಗದ್ದ ಇಟ್ಟುಕೊಂಡು ತೂಕಡಿಸುತ್ತಿದ್ದ ಆ ಅಜ್ಜಿಯರನ್ನು ನೋಡುತ್ತಾ ಬೈನಾಕ್ಯುಲರ್ ಕೆಳಗಿಳಿಸಲು ನನಗೆ ಮನಸ್ಸಾಗಲಿಲ್ಲ.

ಪಂಚಾಯಿತಿ ಕಟ್ಟಡದ ಮುಂದೆ ಹತ್ತಿಪ್ಪತ್ತು ಜನ ಕಾಯುತ್ತಿದ್ದರು. "ಇವು ಲಾರಿ ಹತ್ತೋ ವಯಸ್ಸಿನವಲ್ಲ, ನಾನು ಸೈನ್ ಹಾಕಲ್ಲ" ಎಂದೆ.

ಶಿವಣ್ಣ ಎದ್ದು ನಿಂತರು. "ಡಾಕ್ಟ್ರಮ್ಮ, ನಿಮ್ಗೆ ಸಂಬ್ಳ ತಿಂಗ್ಳಿಗೊಂದ್ಸಲ ಬತ್ತೈತೆ. ನಮ್ಗೆ ಕಡ್ಲೆ ವರ್ಷಕ್ಕೊಂದ್ಸಲ. ಅವು ಮುದುಕೀರು ಅಂತೀರಿ, ಆಯ್ತು. ಮುದುಕೀರು ತಿನ್ನೋದ್ ನೋಡಿದೀರೇನ್ರಿ? ಅಷ್ಟು ಕನಿಕರ ಇದ್ರೆ ನೀವೇ ಕರ್ಕಂಡ್ ಹೋಗಿ."

ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಯವರು ಈ ವಿಷಯದಲ್ಲಿ ನನಗೆ ಬುದ್ಧಿ ಹೇಳಿ ಹೇಳಿ ಸೋತಿದ್ದಾರೆ. "ಕರ್ಕೊಂಡು ಹೋಗ್ತೀನಿ" ಎಂದುಬಿಟ್ಟೆ. "ಅವರಾತ್ರಿ ಅಮಾವಾಸ್ಯೆ ಒಳಗೆ ಒಂಬತ್ತನ್ನೂ ಬೇರೆ ಕಡೆ ಸೇರಿಸ್ತೀನಿ. ಆಗದೇ ಇದ್ರೆ ನನ್ನ ಕೈಯಾರೆ ಸರ್ಟಿಫಿಕೇಟ್ ಬರ್ದು ಕೊಡ್ತೀನಿ."

ಹೇಳಿ ಮುಗಿದ ಮೇಲೆ ಪುಷ್ಯ ಮಾಸದ ಆ ಅಮಾವಾಸ್ಯೆ ಯಾವತ್ತು ಎಂದು ಪಕ್ಕದವರನ್ನು ಕೇಳಿದೆ. ಶನಿವಾರವಂತೆ. ಅವತ್ತಾಗಲೇ ಸೋಮವಾರ. ಹಿಡಿಯುವುದು ಹೇಗೆಂದು ಗೊತ್ತಿಲ್ಲ, ಒಯ್ಯುವುದು ಎಲ್ಲಿಗೆಂದು ಗೊತ್ತಿಲ್ಲ. ಮಾತು ಮಾತ್ರ ಊರಿನ ಎದುರು ಕೊಟ್ಟಾಗಿತ್ತು. ಈಗ ಆ ಒಂಬತ್ತು ಮುದುಕಿಯರು ಲಾರಿ ಹತ್ತುವುದಾದರೆ ನನ್ನ ಸಹಿಯ ಮೇಲೆಯೇ ಹತ್ತಬೇಕು.

ಜಾಗದ ಸಮಸ್ಯೆ ಬಗೆಹರಿದದ್ದು ತರೀಕೆರೆಯ ಕಮಲಾಕ್ಷಮ್ಮನಿಂದ. ಅವರದು ಕೊಬ್ಬರಿ ಮಂಡಿ. ಗಂಡ ತೀರಿಕೊಂಡ ಮೇಲೆ ವ್ಯಾಪಾರವನ್ನು ತಾವೇ ವಹಿಸಿಕೊಂಡು ಎರಡು ಪಟ್ಟು ಬೆಳೆಸಿದವರು. ಬಾಯಿ ಜೋರು, ಕೈ ಉದಾರ. ಅವರ ಮನೆಯ ಹಸುಗಳಿಗೆ ಚಿಕಿತ್ಸೆ ಮಾಡುತ್ತಾ ನಮ್ಮ ಸ್ನೇಹ ಹಳೆಯದಾಗಿತ್ತು. ಅಜ್ಜಂಪುರದಿಂದ ತರೀಕೆರೆಗೆ ಬರುವ ದಾರಿಯಲ್ಲಿ, ರೈಲು ಹಳಿಯ ಆಚೆ, ಅವರದೊಂದು ಇಪ್ಪತ್ತೆಕರೆ ಜಮೀನಿತ್ತು. ಸೈಟು ಮಾಡಿ ಮಾರೋಣವೆಂದು ಕೊಂಡದ್ದು, ಯಾಕೋ ಕೈಗೂಡಿರಲಿಲ್ಲ. ಸುತ್ತಲೂ ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕಿಸಿದ್ದರು. ಒಳಗೆ ಒಂದು ನೀರಿನ ಕಟ್ಟೆ, ಒಂದು ದೊಡ್ಡ ಶೆಡ್ಡು, ಮೊಣಕಾಲೆತ್ತರದ ಹುಲ್ಲು.

ನಾನು ಮಂಡಿಗೆ ಹೋಗಿ ವಿಷಯ ಹೇಳಿದಾಗ ಅವರು ಕೊಬ್ಬರಿ ಚೀಲದ ಮೇಲೆ ಕೂತು ವ್ಯಾಪಾರದ ಧಾಟಿಯಲ್ಲೇ ವಿಚಾರಣೆ ಶುರು ಮಾಡಿದರು.

"ಹಾಲು ಕೊಡ್ತಾವಾ?"

"ಇಲ್ಲ."

"ಗಾಡಿ ಎಳೀತಾವಾ?"

"ವಯಸ್ಸಾಗಿದೆ, ಆಗಲ್ಲ."

"ಕರೆದ್ರೆ ಬತ್ತಾವಾ?"

"ಕಂಡ್ರೆ ಓಡ್ತಾವೆ."

ಕಮಲಾಕ್ಷಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು. "ಹೊತ್ತೊತ್ತಿಗೆ ತಿನ್ನೋದು, ಕೆಲ್ಸ ಮಾಡ್ದೆ ಇರೋದು, ಹೇಳಿದ್ ಕೇಳ್ದೆ ಇರೋದು. ಅಂದ್ರೆ ನಮ್ಮತ್ತೆ ಮನೆಯೋರ ಥರ ಅನ್ನಿ. ಅಂಥೋರ್ ಜೊತೆ ಮೂವತ್ತು ವರ್ಷ ಬಾಳ್ವೆ ಮಾಡಿದೀನಿ ಕಣ್ರೀ, ಒಂಬತ್ತು ತಟ್ಟು ಯಾವ್ ಲೆಕ್ಕ! ಕರ್ಕಂಡ್ ಬನ್ನಿ. ಆದ್ರೆ ಒಂದು, ಹೆಸ್ರಿಡೋದು ಮಾತ್ರ ನಾನೇ."

ಅಲ್ಲಿಂದ ಹಾಡಿಕೊಂಡು ವಾಪಸು ಬಂದೆ. ಜಾಗ ಸಿಕ್ಕಿದ ಮೇಲೆ ಹಿಡಿಯುವುದೇನು ಮಹಾ ಎಂದು ನನಗಿಂತ ಹೆಚ್ಚು ಧೈರ್ಯವಾಗಿದ್ದವನು ನಮ್ಮ ಆಸ್ಪತ್ರೆಯ ಸಹಾಯಕ ರುದ್ರೇಶ. ಅಜ್ಜಂಪುರ ಸೀಮೆ ಮೊದಲಿನಿಂದಲೂ ದನಕ್ಕೆ ಹೆಸರಾದದ್ದು. ಕಾವಲಿನಲ್ಲಿ ಬೆಳೆದ ಪೊಗರಿನ ಹೋರಿಗಳನ್ನು ಹಿಡಿದು, ಪಳಗಿಸಿ, ನೊಗಕ್ಕೆ ಕಟ್ಟುವುದು ಇಲ್ಲಿನವರ ರಕ್ತದಲ್ಲೇ ಇದೆ. "ಹೋರಿ ಹಿಡ್ದೋರಿಗೆ ತಟ್ಟು ಯಾಕ್ ಮೇಡಂ ಕಷ್ಟ? ಒಂದ್ ಬೆಳಿಗ್ಗೆ ಕೆಲ್ಸ" ಎಂದ ರುದ್ರೇಶ. ಮದ್ದಿನ ಸೂಜಿ ಹಾರಿಸಿ ಮಂಪರು ಬರಿಸುವ ಡಾರ್ಟ್ ಗನ್ ತರಿಸುವ ಆಲೋಚನೆ ನನಗಿತ್ತು. ಆದರೆ ಆ ಮದ್ದು ಮುದಿ ಹೃದಯಕ್ಕೆ ಒಳ್ಳೆಯದಲ್ಲ, ಮಲಗಿದ್ದು ಏಳದೇ ಹೋಗಬಹುದು. ಹಾಗಾಗಿ ನಾನೂ ರುದ್ರೇಶನ ಮಾತಿಗೆ ತಲೆಯಾಡಿಸಿದೆ.

ಬುಧವಾರ ಬೆಳಿಗ್ಗೆ ಊರಿನ ಪ್ರವೀಣರೆಲ್ಲ ಸೇರಿದರು. ಅಡಿಕೆ ದಬ್ಬೆ ಮತ್ತು ಹಸಿರು ನೆಟ್ ಕಟ್ಟಿ ಕಾವಲಿನ ಒಂದು ಮೂಲೆಯಲ್ಲಿ ದೊಡ್ಡಿ ಮಾಡಿದರು. ಒಳಗೆ ಹಿಂಡಿ, ಬೂಸ, ಉಪ್ಪು ಇಟ್ಟರು. ಆಮೇಲೆ ದನ ಅಟ್ಟುವ ರೀತಿಯಲ್ಲೇ ಅರ್ಧ ಚಂದ್ರಾಕಾರವಾಗಿ ಹಿಂದಿನಿಂದ ಹೋ ಹೋ ಎಂದು ಕೂಗುತ್ತಾ ಬಂದರು. ದನವಾದರೆ ಗುಂಪುಗೂಡಿ ಮುಂದಕ್ಕೆ ಸರಿಯುತ್ತದೆ. ಕುದುರೆಗಳು ಒಂಬತ್ತು ದಿಕ್ಕಿಗೆ ಚೆಲ್ಲಿಹೋದವು. ಹೇಗೋ ಮೂರನ್ನು ದೊಡ್ಡಿಯ ಬಾಯಿಗೆ ತಂದಾಗ ನಮ್ಮ ಶೂರರು ಮುನ್ನುಗ್ಗಿದರು. ಹಿಡಿಯಲು ಮೂಗುದಾರವಿಲ್ಲ. ಕೊಂಬು ಇರಬೇಕಾದ ಕಡೆಗೆ ಅಭ್ಯಾಸಬಲದಿಂದ ಕೈ ಹಾಕಿ ಬರಿಗಾಳಿ ಹಿಡಿದವರೂ ಇದ್ದರು. ರುದ್ರೇಶ ಮೊಂಡು ಎತ್ತನ್ನು ಎಬ್ಬಿಸುವ ಹಾಗೆ ಬೂದು ಮುದುಕಿಯ ಬಾಲ ಹಿಡಿದು ತಿರುಚಿದ.

ಮರುಕ್ಷಣ ಅವನು ಬೂಸದ ಚೀಲದ ಮೇಲಿದ್ದ. ಒದೆ ತೊಡೆಗೆ ಬಿದ್ದದ್ದರಿಂದ ಮೂಳೆ ಉಳಿಯಿತು. ಕುದುರೆಗಳು ಹಸಿರು ನೆಟ್ಟನ್ನು ಹರಿದುಕೊಂಡು, ಅದರ ಒಂದು ತುಂಡನ್ನು ಬೆನ್ನ ಮೇಲೆ ಹೊದ್ದುಕೊಂಡೇ ಕಾವಲಿನ ದಿಬ್ಬ ಹತ್ತಿ ಮರೆಯಾದವು. ಶಿವಣ್ಣ ಬದುವಿನ ಮೇಲೆ ನಿಂತು ಎಲ್ಲ ನೋಡಿದ್ದರು. "ಏನಪ್ಪಾ ರುದ್ರೇಶ, ಬೂಸ ಚೆನ್ನಾಗೈತಾ?" ಎಂದು ಕೇಳಿದರು. ಊರೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಓಡುವಾಗ ಎರಡು ಕುದುರೆಗಳು ಕುಂಟುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. ಇನ್ನೊಮ್ಮೆ ಹೀಗೆ ಅಟ್ಟಿಸಿದರೆ ಒಂದಾದರೂ ಬಿದ್ದು ಸಾಯುವುದು ಖಂಡಿತ.

ಗುರುವಾರ ಬೆಳಿಗ್ಗೆ ಏನು ಮಾಡಬೇಕೆಂದು ತೋಚದೆ ಒಬ್ಬಳೇ ಕಾವಲಿನ ಅಂಚಿನ ರಸ್ತೆಗೆ ಹೋಗಿ ನಿಂತಿದ್ದೆ. ಕುದುರೆಗಳು ದಿಬ್ಬದ ಮೇಲೆ ದೂರದಲ್ಲಿ ಕಾಣುತ್ತಿದ್ದವು. ನನ್ನ ಜೀಪು ಕಂಡೇ ಬೆನ್ನು ತಿರುಗಿಸಿ ನಿಂತಿದ್ದವು ಎಂದು ನನಗನಿಸಿತು. ಅಷ್ಟರಲ್ಲಿ ಆ ರಸ್ತೆಯಲ್ಲಿ ಒಂದು ಕುರಿಮಂದೆ ಬಂತು. ರಾಗಿ ಕೊಯ್ಲು ಮುಗಿದ ಮೇಲೆ ಚಿತ್ರದುರ್ಗದ ಕಡೆಯಿಂದ ಕುರಿಗಾರರು ಈ ಕಡೆಗೆ ಬರುವುದು ಪ್ರತಿ ವರ್ಷದ ಮಾಮೂಲು, ಆದರೆ ಕಾವಲಿನ ಪಕ್ಕದ ಈ ರಸ್ತೆಗೆ ಕೆಲವು ವರ್ಷಗಳಿಂದ ಯಾವ ಮಂದೆಯೂ ಬಂದಿರಲಿಲ್ಲವಂತೆ. ರೈತರು ತಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಅದಕ್ಕೆ ರಾಗಿ ಅಳೆದು ಕೊಡುತ್ತಾರೆ. ಈ ಮಂದೆಯ ಯಜಮಾನ ಬೀರಪ್ಪ. ಅವನ ಹೆಂಡತಿ ಕೆಂಚಮ್ಮ ಮುಂದೆ ಮುಂದೆ ನಾಲಿಗೆ ಮಡಿಸಿ 'ಟ್ರ್ಯೋ ಟ್ರ್ಯೋ' ಎಂದು ಕೂಗುತ್ತಾ ನಡೆಯುತ್ತಿದ್ದಳು. ಅವರ ಪಾತ್ರೆ, ಕಂಬಳಿ, ಕುರಿ ಕೂಡಿಹಾಕುವ ಬಲೆ, ಎಳೆ ಮರಿಗಳೆಲ್ಲ ಹಿಂದೆ ಒಂದು ಲಗೇಜ್ ಆಟೋದಲ್ಲಿ ಬರುತ್ತಿದ್ದವು.

ಆ ಕೂಗು ಕೇಳಿದ ಕೂಡಲೇ ದಿಬ್ಬದ ಮೇಲಿನ ಬೂದು ಮುದುಕಿ ತಲೆಯೆತ್ತಿತು. ನೋಡಿತು. ಆಮೇಲೆ ಇಳಿಯತೊಡಗಿತು. ಓಡಲಿಲ್ಲ, ಹೆದರಲಿಲ್ಲ, ಕೆಲಸಕ್ಕೆ ಹೊತ್ತಾದವರ ಹಾಗೆ ನೇರವಾಗಿ ನಡೆದು ಬಂತು. ಅದರ ಹಿಂದೆ ಉಳಿದ ಎಂಟು. ನನ್ನ ಜೀಪನ್ನು ಸವರಿಕೊಂಡೇ ಹೋದವು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಂದೆಯ ಕೊನೆಗೆ, ಲಗೇಜ್ ಆಟೋದ ಮುಂದೆ, ಒಂದರ ಹಿಂದೊಂದು ಸಾಲಾಗಿ ಸೇರಿಕೊಂಡವು. ಕುರಿಗಳು ಬೆದರಲಿಲ್ಲ. ಬೆದರಿದವನು ಬೀರಪ್ಪ.

"ಅಯ್ಯಯ್ಯೋ, ಲೇ ಕೆಂಚಿ, ತಿರುಗ್ ನೋಡೇ! ಯಾರವೇ ಇವು ನಮ್ ಹಿಂದೆ ಬತ್ತಿರೋದು?"

ಕೆಂಚಮ್ಮ ಬಂದು ಒಂದರ ಬೆನ್ನು ಸವರಿದಳು. ಅದು ಸುಮ್ಮನೆ ನಿಂತಿತ್ತು! ಕೆಂಗಂದು ಮೈಯ ಮೇಲೆ ಬೆನ್ನಿನ ಎರಡೂ ಬದಿಗೆ ಬಿಳಿ ಕೂದಲಿನ ಪಟ್ಟೆ ಇತ್ತು. ಬೈನಾಕ್ಯುಲರಿನಲ್ಲಿ ನಾನೂ ಅದನ್ನು ನೋಡಿ ಹುಟ್ಟು ಮಚ್ಚೆ ಎಂದುಕೊಂಡಿದ್ದೆ. ಹೊರೆ ಉಜ್ಜಿ ಉಜ್ಜಿ ಗಾಯವಾದ ಕಡೆ ಕೂದಲು ಹೀಗೆ ಬಿಳಿಯಾಗಿ ಬೆಳೆಯುತ್ತದೆ ಎಂದು ಓದಿದ್ದು ಆಗ ನೆನಪಾಯಿತು. ಕೆಂಚಮ್ಮ, "ಇವು ನಮ್ ಕುರಿಗಾರ್ರುವೇ ಕಣ್ ಡಾಕ್ಟ್ರಮ್ಮ. ಮೊದ್ಲು ನಾವೂ ತಟ್ಟಿನ್ ಮೇಲೇ ಹೇರ್ಕಂಡ್ ಬತ್ತಿದ್ವಿ. ಆಟೋ ಬಂದ್ಮೇಲೆ ಯಾರೋ ಪಾಪ, ಹುಲ್ಲು ನೀರು ಇರೋ ಕಡೆ ಬದೀಕ್ಕಳ್ಳಿ ಅಂತ ಬಿಟ್ಟೋಗವ್ರೆ" ಎಂದಳು.

ಅಲ್ಲಿಗೆ ಎಲ್ಲ ಅರ್ಥವಾಯಿತು. ಇವು ಕಾಡು ಕುದುರೆಗಳಲ್ಲ, ಕೆಲಸ ಕಳೆದುಕೊಂಡ ಕುದುರೆಗಳು. ಜೀವಮಾನವಿಡೀ ಕುರಿಮಂದೆಯ ಹಿಂದೆ ನಡೆದವು. ಮಂದೆ ಎಲ್ಲಿಗೆ ಹೋದರೆ ಅಲ್ಲಿಗೆ ಇವೂ ಬರುತ್ತವೆ. ಹಾಗಾದರೆ ಕುದುರೆಗಳನ್ನು ಹಿಡಿಯುವುದೇ ಬೇಡ, ಮಂದೆಯನ್ನು ಕಮಲಾಕ್ಷಮ್ಮನ ಜಮೀನಿಗೆ ಕರೆದುಕೊಂಡು ಹೋದರೆ ಸಾಕು! ರಸ್ತೆಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಬೀರಪ್ಪ ನನ್ನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಆದರೆ ಅವನು ಒಪ್ಪಲಿಲ್ಲ. ಬೀರೂರಿನ ಕಡೆಯ ಒಬ್ಬ ತೆಂಗಿನ ತೋಟದವರಿಗೆ ಶುಕ್ರವಾರದಿಂದ ಕುರಿ ನಿಲ್ಲಿಸುತ್ತೇನೆಂದು ಮಾತು ಕೊಟ್ಟಿದ್ದ. "ಮಾತ್ ತಪ್ಪಿದ್ರೆ ಮುಂದಿನ್ ವರ್ಷ ಯಾರ್ ಕರೀತಾರವ್ವ ನಮ್ಮನ್ನ?" ಎಂದ. ಮಾತು ಕೊಟ್ಟು ಸಿಕ್ಕಿಹಾಕಿಕೊಂಡ ಇನ್ನೊಬ್ಬರನ್ನು ಕಂಡು ನನಗೆ ಕನಿಕರವೇ ಆಯಿತು. ಆ ತೋಟದವರ ಹೆಸರು ಕೇಳಿದೆ. ಪುಣ್ಯಕ್ಕೆ ಪರಿಚಯದವರು, ಅವರ ಎಮ್ಮೆಗೆ ಕಷ್ಟದ ಹೆರಿಗೆ ಮಾಡಿಸಿದ್ದೆ. ಫೋನ್ ಮಾಡಿದರೆ, "ನಾಕ್ ದಿನ ತಡ ಆದ್ರೆ ತೆಂಗಿನ್ ಮರ ಓಡೋಗಲ್ಲ ಬಿಡಿ ಡಾಕ್ಟ್ರಮ್ಮ" ಎಂದರು. ಆಮೇಲೆ ಕಮಲಾಕ್ಷಮ್ಮನಿಗೆ ಫೋನ್ ಮಾಡಿ ಬೀರಪ್ಪನ ಕೈಗೆ ಕೊಟ್ಟೆ. ಆ ಕಡೆಯಿಂದ ಬರುತ್ತಿದ್ದ ದನಿ ನನಗೂ ಕೇಳಿಸುತ್ತಿತ್ತು. ರಾಗಿಯ ಮಾತು ಮುಗಿಯಿತು, ಕೊನೆಗೆ ಹೋಳಿಗೆ ಊಟದ ಮಾತು ಬಂತು. "ಕಾಯೋಳಿಗೆನಾ, ಬೇಳೆ ಹೋಳಿಗೆನಾ?" ಎಂದು ಬೀರಪ್ಪ ಕೇಳಿದ. ಅಲ್ಲಿಗೆ ಒಪ್ಪಂದವಾಯಿತು.

ಆ ರಾತ್ರಿ ಮಂದೆ ಕಾವಲಿನ ಅಂಚಿನಲ್ಲೇ ತಂಗಿತು, ಕುದುರೆಗಳೂ ಅದರ ಪಕ್ಕದಲ್ಲೇ ನಿಂತವು. ಶುಕ್ರವಾರ ಬಿಸಿಲೇರುವ ಮೊದಲೇ ಹೊರಟೆವು. ಮುಂದೆ ಕೆಂಚಮ್ಮ, ಅವಳ ಹಿಂದೆ ರಸ್ತೆ ತುಂಬ ಕುರಿ, ಕುರಿಗಳ ಹಿಂದೆ ಒಂಬತ್ತು ಕುದುರೆ, ಆಮೇಲೆ ಲಗೇಜ್ ಆಟೋ, ಕೊನೆಗೆ ನನ್ನ ಜೀಪು. ಜೀಪಿನೊಳಗೆ ರುದ್ರೇಶ ಒಂದೇ ಬದಿಗೆ ವಾಲಿಕೊಂಡು ಕೂತಿದ್ದ. ದಾರಿಯ ಊರುಗಳಲ್ಲಿ ಜನ ಹಲ್ಲುಜ್ಜುವುದನ್ನು ಬಿಟ್ಟು ಬಾಗಿಲಿಗೆ ಬಂದರು. ಶಾಲೆಯ ಮಕ್ಕಳು ಸಾಲಾಗಿ ನಿಂತು ಕೈ ಬೀಸಿದರು. ತರೀಕೆರೆಯ ಬಸ್ಸು ನಿಂತು, ಡ್ರೈವರ್ ಇಳಿದು ಫೋಟೊ ತೆಗೆದ. ಶಿವಣ್ಣ ಬೈಕಿನಲ್ಲಿ ಹಿಂದೆಯೇ ಬರುತ್ತಿದ್ದರು. ಕುದುರೆಗಳು ನಿಜವಾಗಿ ಹೋಗುತ್ತವೋ ಇಲ್ಲವೋ ಎಂದು ಕಣ್ಣಾರೆ ನೋಡಬೇಕಂತೆ.

ಹಳಿ ದಾಟುವಲ್ಲಿ ತೊಡಕು ಎದುರಾಯಿತು. ರಸ್ತೆ ಅಲ್ಲಿ ಅಂಡರ್‌ಪಾಸಿನೊಳಗೆ ಇಳಿಯುತ್ತದೆ. ತಗ್ಗಿನಲ್ಲಿ ಒರತೆಯ ನೀರು ನಿಂತಿತ್ತು. ಮನುಷ್ಯರಿಗೆ ಮೊಣಕಾಲಿನವರೆಗೂ ಬರುವುದಿಲ್ಲ, ಆದರೆ ಕುರಿಗೆ ನೀರೆಂದರೆ ಆಗದು. ಮೊದಲ ಕುರಿಗಳು ನೀರಿನ ಅಂಚಿಗೆ ಬಂದು ಕಾಲೂರಿದವು. ಹಿಂದಿನವು ಒತ್ತಿದವು. ಕೆಂಚಮ್ಮ ನೀರಿನಲ್ಲಿ ನಿಂತು ಕೂಗಿದಳು, ಬೀರಪ್ಪ ಒಂದು ಟಗರನ್ನು ಎಳೆದೊಯ್ದ, ಅದು ಕೈ ಕೊಸರಿಕೊಂಡು ವಾಪಸು ಓಡಿತು. ಎರಡೂ ಕಡೆ ಗಾಡಿಗಳು ಹಾರನ್ ಹೊಡೆಯತೊಡಗಿದವು. ಮಂದೆ ಬೆದರಿ ಚೆದುರಿದರೆ ಕುದುರೆಗಳೂ ಚೆದುರುತ್ತವೆ. ಮತ್ತೆ ಸೇರಿಸಲು ನಮಗೆ ಉಳಿದದ್ದು ಒಂದೇ ದಿನ. ನಾನು ಜೀಪಿನಿಂದ ಇಳಿದು ಹಾರನ್ ಹೊಡೆಯುವವರ ಮೇಲೆ ಕೂಗಾಡುತ್ತಿದ್ದೆ, ಆದರೆ ಒಳಗೊಳಗೇ ಪೆನ್ನು ಹಿಡಿದು ಸಹಿ ಹಾಕುತ್ತಿರುವ ನನ್ನದೇ ಕೈ ಕಾಣುತ್ತಿತ್ತು.

ಆಗ ಬೂದು ಮುದುಕಿ ಸಾಲು ಬಿಟ್ಟು ಹೊರಟಿತು. ಓಡಿಹೋಯಿತೆಂದು ರುದ್ರೇಶ ಕಿರುಚಿದ. ಅದು ಹಿಂದಕ್ಕೆ ಹೋಗಲಿಲ್ಲ, ಮುಂದಕ್ಕೆ ಹೋಯಿತು. ಕುರಿಗಳ ನಡುವೆ ದಾರಿ ಮಾಡಿಕೊಂಡು, ಒಂದನ್ನೂ ತುಳಿಯದೆ, ನೀರಿನ ಅಂಚಿಗೆ ಬಂತು. ತಲೆ ತಗ್ಗಿಸಿ ನೀರನ್ನು ಮೂಸಿತು. ಮುಂಗಾಲಿನಿಂದ ಒಂದು ಸಲ ಕೆದಕಿ ತಳ ನೋಡಿತು. ಆಮೇಲೆ ನಿಧಾನವಾಗಿ ನೀರಿಗಿಳಿದು ನಡೆಯಿತು. ಅರ್ಧ ದಾಟಿ ನಿಂತು ಹಿಂದಿರುಗಿ ನೋಡಿತು. ಒಂದು ಮುದಿ ಕುರಿ ಮೊದಲು ಇಳಿಯಿತು, ಅದರ ಹಿಂದೆ ಹತ್ತು, ಹತ್ತರ ಹಿಂದೆ ಇಡೀ ಮಂದೆ ಬಿಳಿ ಕಪ್ಪಾಗಿ ಅಂಡರ್‌ಪಾಸಿನ ತುಂಬ ಹರಿಯಿತು. ಎಷ್ಟು ಹಳ್ಳ ಹೊಳೆಗಳಲ್ಲಿ ಅದು ಹೀಗೆ ಮುಂದೆ ನಿಂತು ದಾಟಿಸಿತ್ತೋ ಯಾರಿಗೆ ಗೊತ್ತು. ಹಾರನ್ ನಿಂತುಹೋಗಿತ್ತು. ಯಾರೋ ಶಿಳ್ಳೆ ಹೊಡೆದರು. ಬೀರಪ್ಪ ತಲೆಯ ಮೇಲಿನ ವಸ್ತ್ರ ತೆಗೆದು ಗಾಳಿಯಲ್ಲಿ ಬೀಸುತ್ತಾ ಕುಣಿದೇಬಿಟ್ಟ. ನಾನು ಸೀರೆಯ ಅಂಚು ನೆನೆಸಿಕೊಂಡು ನೀರಿನಲ್ಲೇ ನಡೆದು ದಾಟಿದೆ, ಜೀಪು ನೆನಪಾದದ್ದು ಆಚೆ ದಡಕ್ಕೆ ಹೋದ ಮೇಲೆ.

ಆಚೆ ಕಡೆ ಶಿವಣ್ಣ ಬೈಕಿನ ಬ್ಯಾಗಿನಿಂದ ಒಂದು ಕಂತೆ ಹಸಿ ಕಡಲೆ ಗಿಡ ತೆಗೆದರು. ಬೂದು ಮುದುಕಿಯ ಮುಂದೆ ಹಾಕಿ, ನನ್ನ ಮುಖ ನೋಡದೆಯೇ, "ಹೆಂಗೂ ರುಚಿ ಗೊತ್ತೈತಲ್ಲ, ದಾರಿಗಿರ್ಲಿ" ಎಂದರು.

ಕಮಲಾಕ್ಷಮ್ಮ ಗೇಟಿನ ಬಳಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಒಂಬತ್ತಕ್ಕೂ ತಮ್ಮ ಗಂಡನ ಮನೆಯ ಹೆಂಗಸರ ಹೆಸರನ್ನೇ ಇಟ್ಟರು. ಶಾರದಮ್ಮ, ಪಾರ್ವತಕ್ಕ, ಗಿರಿಜಕ್ಕ, ಹೀಗೆ ನಾದಿನಿಯರು, ಓರಗಿತ್ತಿಯರು ಎಲ್ಲ ಸಾಲಾಗಿ ಹುಲ್ಲಿಗಿಳಿದರು. ಬೂದು ಮುದುಕಿಗೆ ಅತ್ತೆಯ ಹೆಸರು, ಗೌರಮ್ಮ. "ಇವ್ರಾದ್ರೂ ನಾನ್ ಹಾಕಿದ್ದಕ್ಕೆ ಉಪ್ಪು ಕಮ್ಮಿ ಅನ್ನಲ್ಲ" ಎಂದು ಬೆನ್ನು ತಟ್ಟಿದರು. ಶನಿವಾರ ಪಂಚಾಯಿತಿಗೆ ಫೋನ್ ಮಾಡಿ, ಸರ್ಟಿಫಿಕೇಟ್ ಬರೆಯುವ ಅಗತ್ಯ ಬೀಳಲಿಲ್ಲವೆಂದು ಹೇಳಿದೆ. ಹೇಳುವಾಗ ಸ್ವಲ್ಪ ಜಂಬವನ್ನೂ ಸೇರಿಸಿದೆ, ಸುಳ್ಳೇಕೆ?

ಮಂದೆ ಅಲ್ಲಿದ್ದ ನಾಲ್ಕು ದಿನ ಹಬ್ಬವೇ. ಕುರಿಗಳ ನಡುವೆ ಕುದುರೆಗಳು ನಾವು ಮುಟ್ಟಿದರೂ ಸುಮ್ಮನಿದ್ದವು. ಬೆಳೆದು ಬಾಗಿದ ಗೊರಸು ಕತ್ತರಿಸಿದೆ, ಜಂತುಹುಳುವಿನ ಔಷಧಿ ಕುಡಿಸಿದೆ. ಕುದುರೆಯ ಹಲ್ಲು ವಯಸ್ಸಾದ ಮೇಲೆ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತದೆ, ಅದನ್ನು ಉದ್ದನೆಯ ಅರದಿಂದ ಉಜ್ಜಬೇಕು. ಇಪ್ಪತ್ತೊಂಬತ್ತು ವರ್ಷ ಸರ್ವೀಸು ಮಾಡಿ ಆ ಕೆಲಸ ಮೊದಲ ಬಾರಿ ಮಾಡಿದೆ. ರುದ್ರೇಶ ಮುಂದುಗಡೆ ಮಾತ್ರ ನಿಲ್ಲುತ್ತಿದ್ದ.

ಐದನೆಯ ದಿನ ಬೆಳಿಗ್ಗೆ ಮಂದೆ ಬೀರೂರಿನ ಕಡೆಗೆ ಹೊರಟಿತು. ಕುರಿಗಳು ಹೊರಗಾದ ಕೂಡಲೇ ನಾವು ಗೇಟು ಹಾಕಿದೆವು. ಇಂಥದೊಂದು ಗಳಿಗೆ ಬರುತ್ತದೆಂದು ನನಗೆ ಗೊತ್ತಿತ್ತು, ಇಷ್ಟು ಕಷ್ಟವಾದೀತೆಂದು ಗೊತ್ತಿರಲಿಲ್ಲ. ಒಂಬತ್ತೂ ಬೇಲಿಯುದ್ದಕ್ಕೂ ನಡೆದವು. ಗೌರಮ್ಮ ತಂತಿಗೆ ಎದೆಯೊತ್ತಿ ನಿಂತು ಕೆನೆಯಿತು. ಮಂದೆಯ ಧೂಳು ಅಡಗಿದ ಮೇಲೂ ಅಲ್ಲಿಂದ ಕದಲಲಿಲ್ಲ. ಅವತ್ತು ಹುಲ್ಲು ಮುಟ್ಟಲಿಲ್ಲ. ಮಾರನೆಯ ದಿನವೂ ಮುಟ್ಟಲಿಲ್ಲ. ಅದು ಮುಟ್ಟದಿರುವುದನ್ನು ನೋಡಿ ಉಳಿದವೂ ಬಾಯಿ ಹಾಕಲಿಲ್ಲ. ಮುದಿ ಕುದುರೆ ಮೇವು ಬಿಟ್ಟರೆ ಕರುಳಿನ ಚಲನೆ ನಿಂತು ಹೊಟ್ಟೆಶೂಲೆ ಬರುತ್ತದೆ, ನಾವದನ್ನು ಕಾಲಿಕ್ ಎನ್ನುತ್ತೇವೆ. ಅದು ಬಂದರೆ ಉಳಿಯುವುದು ಕಷ್ಟ. ಡ್ರಿಪ್ ಹಾಕಲು ಹೋದರೆ ಗೌರಮ್ಮ ತಪ್ಪಿಸಿಕೊಂಡಿತು. ಲಾರಿಯಿಂದ ಉಳಿಸಿದೆ, ಬೇಲಿಯೊಳಗೆ ಕೊಂದೆ ಎಂದು ನನಗೆ ಅಳು ಬಂತು. ಕಮಲಾಕ್ಷಮ್ಮ ಬೆಲ್ಲ ಹಿಡಿದು, "ತಿನ್ನಿ ಅತ್ತೆ, ಒಂದ್ ತುತ್ತು ತಿನ್ನಿ" ಎಂದು ಅಂಗಲಾಚುತ್ತಿದ್ದರು. ಈ ಸಲ ಅದು ತಮಾಷೆಯಾಗಿರಲಿಲ್ಲ.

ತಡೆಯಲಾರದೆ ಬೀರಪ್ಪನಿಗೆ ಫೋನ್ ಮಾಡಿ ಹೇಳಿಕೊಂಡೆ. ಅವನು ಹೂಂ ಎಂದನಷ್ಟೆ. ಮೂರನೆಯ ದಿನ ಮಧ್ಯಾಹ್ನ ಗೇಟಿನ ಮುಂದೆ ಅವರ ಲಗೇಜ್ ಆಟೋ ಬಂದು ನಿಂತಿತು. ಕೆಂಚಮ್ಮ ಇಳಿದು, ಹಿಂದಿನಿಂದ ಎರಡು ಕುರಿಗಳನ್ನು ಎತ್ತಿ ಕೆಳಗಿಟ್ಟಳು. ಎರಡೂ ಬೊಚ್ಚುಬಾಯಿಯ ಮುದಿ ಕುರಿಗಳು, ಒಂದರ ಕಣ್ಣಿಗೆ ಪೊರೆ ಬಂದಿತ್ತು.

"ಇವೂ ನಡಿಯಕ್ಕಾಗ್ದೆ ಆಟೋದಾಗೇ ಬತ್ತಿದ್ವು ಕಣವ್ವ. ಕಡಿಯೋರಿಗೆ ಕೊಡಕ್ಕೆ ನಂಗ್ ಮನ್ಸಿಲ್ಲ. 'ಮಂದೆನೇ ವಾಪಸ್ ತರಕ್ಕಾಯ್ತದಾ?' ಅಂದ ನಮ್ಮೋನು. ಮಂದೆ ಯಾಕ್ ಬೇಕು, ಎರಡು ಸಾಲ್ದಾ ಅಂದೆ. ಇರ್ಲಿ ಇಲ್ಲೇ."

ಕುರಿಗಳು ಬ್ಯಾ ಎನ್ನುತ್ತಾ ಒಳಗೆ ಬಂದು ಮೇಯತೊಡಗಿದವು. ಬೇಲಿಗೆ ಒರಗಿದ್ದ ಗೌರಮ್ಮನ ಕಿವಿ ತಿರುಗಿತು. ನಿಧಾನವಾಗಿ ನಡೆದು ಬಂದು, ಪೊರೆ ಬಂದ ಕುರಿಯ ನೆತ್ತಿಯನ್ನು ಮೂಸಿ, ಅದರ ಪಕ್ಕದಲ್ಲೇ ತಲೆ ಬಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ಹುಲ್ಲು ಕಿತ್ತು ಅಗಿಯುವ ಕರಕರ ಸದ್ದು ನಮ್ಮೂವರಿಗೂ ಕೇಳಿಸಿತು. ಉಳಿದ ಎಂಟೂ ಬಂದವು.

"ಇಷ್ಟೇನೇನೇ ನಿಂಗ್ ಬೇಕಾಗಿದ್ದು?" ಎಂದು ಕೆಂಚಮ್ಮ ಅದರ ಕುತ್ತಿಗೆ ತಬ್ಬಿಕೊಂಡಳು. ಕಮಲಾಕ್ಷಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾ ನಗುತ್ತಿದ್ದರು. ನಾನೂ ಅಷ್ಟೆ.

ಮೇವು ಬಿಟ್ಟ ಪ್ರಾಣಿಯನ್ನು ಕಂಡರೆ ಮೊದಲೆಲ್ಲ ನನ್ನ ಕೈ ನೇರವಾಗಿ ಔಷಧಿ ಬ್ಯಾಗಿಗೆ ಹೋಗುತ್ತಿತ್ತು. ಆಮೇಲೆ ಉಳಿದ ಒಂದು ವರ್ಷದ ಸರ್ವೀಸಿನಲ್ಲಿ, ಬ್ಯಾಗು ಬಿಚ್ಚುವ ಮೊದಲು, "ಇದರ ಜೊತೆಗೆ ಯಾರಿದ್ದರು?" ಎಂದು ಮನೆಯವರನ್ನು ಕೇಳುವುದು ರೂಢಿಯಾಯಿತು. ಜೋಡಿಯ ಎತ್ತು ಮಾರಿದ್ದನ್ನೋ, ಅಜ್ಜಿ ಮಗಳ ಮನೆಗೆ ಹೋದದ್ದನ್ನೋ ಅವರು ಹೇಳುತ್ತಿದ್ದರು. ಎಷ್ಟೋ ಸಲ ಚಿಕಿತ್ಸೆ ಅಲ್ಲಿಂದಲೇ ಶುರುವಾಗುತ್ತಿತ್ತು. ಯಾವ ಜೀವ ಯಾರ ಜೊತೆ ನಡೆದು ಅಭ್ಯಾಸವಾಗಿದೆ ಎಂದು ತಿಳಿಯದೆ ಅದಕ್ಕೆ ಮದ್ದು ಕೊಡಬಾರದು. ನನ್ನ ಕೆಲಸ ಈ ಪಾಠವನ್ನು ಕೊನೆಗಾಲದಲ್ಲಿ ಕಲಿಸಿತು, ಆದರೂ ಕಲಿಸಿತು.

ಈಗ ಏಳು ಕುದುರೆಗಳಿವೆ. ಶಾರದಮ್ಮ, ಗಿರಿಜಕ್ಕ ಹೋದ ಚಳಿಗಾಲದಲ್ಲಿ ಮಲಗಿದಲ್ಲೇ ಕಣ್ಣು ಮುಚ್ಚಿದವು. ಕೆಂಚಮ್ಮ ಪ್ರತಿ ವರ್ಷ ಬರುವಾಗ ನಡೆಯಲಾರದ ಒಂದೋ ಎರಡೋ ಕುರಿಗಳನ್ನು ತಂದು ಬಿಟ್ಟು ಹೋಗುತ್ತಾಳೆ, ಅವೀಗ ಐದಾಗಿವೆ. ಸಂಜೆ ಆ ಮುದಿ ಕುರಿಗಳು ಎದ್ದು ಶೆಡ್ಡಿನ ಕಡೆ ಹೊರಟರೆ, ಅವುಗಳ ಹಿಂದೆ ಗೌರಮ್ಮ, ಗೌರಮ್ಮನ ಹಿಂದೆ ಉಳಿದ ಆರು, ಬೆನ್ನ ಮೇಲೆ ಹೊರೆಯಿಲ್ಲದೆ, ಸಾಲಾಗಿ ನಡೆದು ಹೋಗುತ್ತವೆ.